ಧನಶುದ್ಧಿ: ಲಾಹೋರಿನ ಒಬ್ಬ ಪತ್ರಿಕಾಧಿಪತಿಯ ಜೀವನವಿಚಾರ

ಧನವು ಯಾರದೆಂಬ ಪ್ರಶ್ನೆಯು ಲೋಕದಲ್ಲಿ ಎಷ್ಟು ಹಳೆಯದೋ, ಶರಣಮಾರ್ಗದಲ್ಲಿ ನಡೆಯುವ ಗೃಹಸ್ಥನಿಗೆ ಅಷ್ಟೇ ನಿತ್ಯನೂತನವಾದುದು. ಒಕ್ಕಲಿಗನು ಉತ್ತು ಬೆಳೆಯುತ್ತಾನೆ, ನೇಕಾರನು ನೆಯ್ಯುತ್ತಾನೆ, ವ್ಯಾಪಾರಿಯು ತಕ್ಕಡಿ ಹಿಡಿಯುತ್ತಾನೆ. ಸತ್ಯಶುದ್ಧ ಕಾಯಕದಿಂದ ಬಂದುದನ್ನು ಗುರುಲಿಂಗಜಂಗಮಕ್ಕೆ ಸಲ್ಲಿಸಿ, ಉಳಿದುದನ್ನು ಪ್ರಸಾದವೆಂದು ಕೊಂಡು ಬಾಳುವ ಕ್ರಮವು ಇವರಿಗೆ ಸ್ಪಷ್ಟವಾಗಿದೆ. ಆದರೆ ಹುಟ್ಟುತ್ತಲೇ ಐಶ್ವರ್ಯಕ್ಕೆ ಒಡೆಯನಾದವನ ಗತಿಯೇನು? ಅವನ ಕೈಗೆ ನೇಗಿಲ ಗುರುತಿಲ್ಲ, ಮಗ್ಗದ ಗುರುತಿಲ್ಲ. ಅವನಲ್ಲಿರುವುದು ಹಿರಿಯರು ಗಳಿಸಿಟ್ಟ ಭೂಮಿ, ಮನೆಗಳ ಬಾಡಿಗೆ, ಪೆಟ್ಟಿಗೆಯ ಒಡವೆ. ಅಂಥವನು ಕೊಟ್ಟದ್ದು ದಾನವೋ, ದಾಸೋಹವೋ? ಅವನ ಸ್ವತ್ತು ಅನ್ನವಸ್ತ್ರಗಳಲ್ಲದೆ ಒಂದು ವರ್ತಮಾನಪತ್ರಿಕೆಯಾಗಿದ್ದರೆ ಪ್ರಶ್ನೆಯು ಇನ್ನೂ ಸೂಕ್ಷ್ಮವಾಗುತ್ತದೆ. ಅನ್ನವನ್ನು ಬಡಿಸಿ ಎಲೆ ಎತ್ತಬಹುದು. ಜನರ ಮನಸ್ಸನ್ನು ತಿದ್ದುವ ಸಾಧನವನ್ನು ಅರ್ಪಿಸುವುದು ಹೇಗೆ?

ಶಬ್ದಗಳ ಮೇಲೆ ವಾದ ಬೆಳೆಸುವುದಕ್ಕಿಂತ ಒಂದು ಜೀವನವನ್ನು ಎದುರಿಗಿಟ್ಟುಕೊಂಡು ನೋಡುವುದು ಲೇಸು. ಲಾಹೋರಿನ ಸರದಾರ ದಯಾಲಸಿಂಗ ಮಜೀಠಿಯಾ ಅವರ ಜೀವನವು ಇದಕ್ಕೆ ತಕ್ಕುದಾಗಿದೆ. ಅವರು ಲಿಂಗವಂತರಲ್ಲ, ಸಿಖ್ ಮನೆತನದಲ್ಲಿ ಹುಟ್ಟಿ, ಬ್ರಹ್ಮಸಮಾಜದ ತತ್ತ್ವಗಳಿಗೆ ಒಲಿದವರು. ಬಸವಾದಿ ಪ್ರಮಥರ ಹೆಸರನ್ನೂ ಅವರು ಕೇಳಿರಲಾರರು. ಆದರೆ ಒರೆಗಲ್ಲು ಯಾವ ಊರಿನ ಚಿನ್ನವೆಂದು ಕೇಳುವುದಿಲ್ಲ.

ದಯಾಲಸಿಂಗರು 1848ರ ಸುಮಾರಿಗೆ ಕಾಶಿಯಲ್ಲಿ ಜನಿಸಿದರು. ತಂದೆ ಲಹನಾಸಿಂಗರು ಮಹಾರಾಜ ರಣಜಿತಸಿಂಗನ ದರಬಾರಿನಲ್ಲಿ ದೊಡ್ಡ ಪದವಿಯಲ್ಲಿದ್ದವರು. ಯಂತ್ರವಿದ್ಯೆಯಲ್ಲಿಯೂ ಜ್ಯೋತಿರ್ಗಣಿತದಲ್ಲಿಯೂ ಆಸಕ್ತಿಯುಳ್ಳವರು. ರಣಜಿತಸಿಂಗನು 1839ರಲ್ಲಿ ತೀರಿಕೊಂಡ ಮೇಲೆ ದರಬಾರಿನಲ್ಲಿ ನಡೆದ ಕೊಲೆ ಒಳಸಂಚುಗಳಿಂದ ಬೇಸತ್ತು ಅವರು ಪಂಜಾಬವನ್ನು ಬಿಟ್ಟು ಕಾಶಿಯಲ್ಲಿ ನೆಲೆಸಿದ್ದರು. ಮಗನು ಚಿಕ್ಕವನಿರುವಾಗಲೇ ತಂದೆ ಲಿಂಗೈಕ್ಯರಾದರು ಎಂದು ಈ ಕಡೆಯವರು ಹೇಳುವಂತಾಯಿತು. ಬಾಲಕನು ಪಂಜಾಬಕ್ಕೆ ಮರಳಿ, ಅಮೃತಸರದ ಮಿಶನ್ ಶಾಲೆಯಲ್ಲಿ ಓದಿದನು. ಪ್ರಾಯಕ್ಕೆ ಬಂದು ಆಸ್ತಿಯು ಕೈಸೇರಿದ ಬಳಿಕ 1874ರಲ್ಲಿ ಇಂಗ್ಲೆಂಡಿಗೆ ಹೋದರು. ಸಮುದ್ರಯಾನವೆಂದರೆ ಜಾತಿ ಕೆಡುವುದೆಂದು ಜನರು ಹೆದರುತ್ತಿದ್ದ ಕಾಲವದು. ಹಿಂದಿರುಗಿ ಬಂದವರು ತಮ್ಮ ಹಳ್ಳಿಯ ಜಹಗೀರಿನಲ್ಲಿ ಕುಳಿತು ಕಾಲ ಕಳೆಯದೆ ಲಾಹೋರಿನಲ್ಲಿ ನೆಲೆಸಿದರು. ಅಲ್ಲಿಂದ ಮುಂದಿನ ಇಪ್ಪತ್ತು ವರ್ಷಗಳು ಆ ನಗರದ ಸಾರ್ವಜನಿಕ ಜೀವನದ ಕಥೆಯೇ ಆಗಿವೆ.

ಇಲ್ಲಿ ಮೊದಲನೆಯ ಸಂಶಯವು ತಲೆಯೆತ್ತುತ್ತದೆ. ಪಿತ್ರಾರ್ಜಿತ ಧನಕ್ಕೆ ಶುದ್ಧಿಯುಂಟೇ? ಆಯ್ದಕ್ಕಿಯ ಲಕ್ಕಮ್ಮನ ಪ್ರಸಂಗವನ್ನು ಅರಿಯದ ಭಕ್ತರಿಲ್ಲ. ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನು ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳು. ಆ ಅಕ್ಕಿಯು ಕದ್ದದ್ದಲ್ಲ. ಆದರೂ ಅವಳ ಮನಸ್ಸು ಒಪ್ಪಲಿಲ್ಲ. ಕಷ್ಟಪಟ್ಟು ಆಯ್ದ ಒಂದು ಹಿಡಿ ಹೆಚ್ಚಿನ ಅಕ್ಕಿಯೇ ಅಶುದ್ಧವಾದರೆ ಕುಳಿತಲ್ಲಿಗೆ ಬಂದ ಜಹಗೀರಿನ ಹುಟ್ಟುವಳಿಯನ್ನು ಏನೆನ್ನಬೇಕು?

ಉತ್ತರದೇಶದಿಂದಲೇ ಬಂದ ಇನ್ನೊಬ್ಬ ಶರಣನ ನಿದರ್ಶನವೂ ಉಂಟು. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸನಾಗಿದ್ದನೆಂದೂ, ರಾಣಿಯೊಡನೆ ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಿ ಜಂಗಮಸೇವೆ ಮಾಡಿದನೆಂದೂ ಶರಣಚರಿತ್ರೆಗಳು ಹೇಳುತ್ತವೆ. ಅವನು ಅರಸುತನದ ಸಂಪತ್ತನ್ನು ಹೊತ್ತು ತಂದು ಕಲ್ಯಾಣದಲ್ಲಿ ಹಂಚಬಹುದಾಗಿತ್ತು. ಹಾಗೆ ಮಾಡದೆ ಹಳೆಯ ಧನವನ್ನು ಹಿಂದೆ ಬಿಟ್ಟು, ತಲೆಯ ಮೇಲಿನ ಹೊರೆಯ ಬೆಲೆಯಿಂದ ದಾಸೋಹ ನಡೆಸಿದನು. ಶರಣಮಾರ್ಗದ ಪೂರ್ಣಾದರ್ಶವು ಇದೇ ಎಂಬುದರಲ್ಲಿ ಸಂಶಯವಿಲ್ಲ. ದಯಾಲಸಿಂಗರು ಇಷ್ಟೆತ್ತರಕ್ಕೆ ಏರಿದವರಲ್ಲ. ಅವರು ಸರದಾರರಾಗಿಯೇ ಬಾಳಿದರು, ಸರದಾರರಾಗಿಯೇ ತೀರಿಕೊಂಡರು.

ಆದರೆ ಎಲ್ಲರಿಗೂ ರಾಜ್ಯವನ್ನು ಬಿಟ್ಟು ಬರುವ ವೈರಾಗ್ಯವುಂಟಾಗುವುದಿಲ್ಲ. ಬಿಟ್ಟುಬಂದರೆ ಬಿಟ್ಟ ಧನವೇನೂ ಶೂನ್ಯದಲ್ಲಿ ಲಯವಾಗದು, ಮತ್ತೊಬ್ಬರ ಕೈ ಸೇರುತ್ತದೆ. ಆದುದರಿಂದ ಗೃಹಸ್ಥನಿಗೆ ಇನ್ನೊಂದು ಮಾರ್ಗವನ್ನೂ ಶರಣರು ತೆರೆದಿಟ್ಟಿದ್ದಾರೆ. ಬಿಜ್ಜಳನ ಭಂಡಾರದ ಕೀಲಿಕೈ ಬಸವಣ್ಣನವರ ಸೊಂಟದಲ್ಲಿತ್ತು. ಭಂಡಾರದ ಹಣವೆಲ್ಲ ಜಂಗಮರ ಪಾಲಾಯಿತೆಂದು ಚಾಡಿಕೋರರು ದೂರಿದಾಗ ಎಣಿಸಿ ನೋಡಲು ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂಬ ಕಥೆಯನ್ನು ಪುರಾಣಗಳು ಪವಾಡವಾಗಿ ವರ್ಣಿಸುತ್ತವೆ. ಪವಾಡದ ಭಾಗವನ್ನು ಬದಿಗಿರಿಸಿದರೂ ಅದರೊಳಗಿನ ತತ್ತ್ವವು ನಿಲ್ಲುತ್ತದೆ: ಕೈಯಲ್ಲಿರುವುದೆಲ್ಲ ತನ್ನದಲ್ಲ, ತಾನು ಲೆಕ್ಕ ಒಪ್ಪಿಸತಕ್ಕ ಭಂಡಾರಿ. ಪಿತ್ರಾರ್ಜಿತದ ಒಡೆಯನಿಗೆ ಈ ಭಂಡಾರಿಯ ಭಾವವೇ ಕಾಯಕವಾಗಬೇಕು. ಹಣವನ್ನು ಕೊಟ್ಟು ಕೈ ತೊಳೆದುಕೊಂಡರೆ ಸಾಲದು. ಅದರ ಜೊತೆಗೆ ತನುವೂ ಮನವೂ ಸವೆಯಬೇಕು. ತ್ರಿವಿಧದಾಸೋಹದಲ್ಲಿ ಧನವನ್ನು ಕೊನೆಗೆ ಹೇಳಿರುವುದು ಸುಮ್ಮನೆ ಅಲ್ಲ.

ದಯಾಲಸಿಂಗರ ಧನವು ಈ ವಿಧದಿಂದ ದುಡಿದದ್ದು ಮೊದಲು ಪತ್ರಿಕೆಯ ರೂಪದಲ್ಲಿ. 1881ನೆಯ ಇಸವಿ ಫೆಬ್ರುವರಿ 2ರಂದು ಲಾಹೋರಿನಲ್ಲಿ ‘ಟ್ರಿಬ್ಯೂನ್’ ಎಂಬ ಇಂಗ್ಲಿಷ್ ವಾರಪತ್ರಿಕೆಯು ಹೊರಟಿತು. ಆ ನಗರದಲ್ಲಿ ಅದಕ್ಕೆ ಮೊದಲೇ ‘ಸಿವಿಲ್ ಅಂಡ್ ಮಿಲಿಟರಿ ಗೆಜೆಟ್’ ಎಂಬ ಪತ್ರಿಕೆಯಿತ್ತು. ಅದು ಆಳುವವರ ಧ್ವನಿ. ಮುಂದೆ ಲೋಕಪ್ರಸಿದ್ಧನಾದ ಕಿಪ್ಲಿಂಗನು ತರುಣನಾಗಿ 1882ರಿಂದ ಕೆಲಸ ಮಾಡಿದುದು ಅದರಲ್ಲಿಯೇ. ಆಳಿಸಿಕೊಳ್ಳುವವರಿಗೆ ಆಳುವವರ ಭಾಷೆಯಲ್ಲಿ ಮಾತಾಡುವ ಬಾಯಿ ಇರಲಿಲ್ಲ. ದೇಶಭಾಷೆಯ ಪತ್ರಿಕೆಗಳಿಗೋ 1878ರ ಕಾಯಿದೆಯ ಕಡಿವಾಣ ಬಿದ್ದಿತ್ತು. ಲಾರ್ಡ್ ರಿಪನ್ನರ ಕಾಲದಲ್ಲಿ, 1882ರಲ್ಲಿ, ಅದು ರದ್ದಾಯಿತು. ಇಂಥ ಸಂಧಿಯಲ್ಲಿ ದಯಾಲಸಿಂಗರು ಪತ್ರಿಕೆಯನ್ನು ಸ್ಥಾಪಿಸಿದರು.

ಅದನ್ನು ಸ್ಥಾಪಿಸಿದ ರೀತಿಯು ಗಮನಾರ್ಹವಾದುದು. ಬಂಗಾಲದ ಸುರೇಂದ್ರನಾಥ ಬ್ಯಾನರ್ಜಿಯವರು ಪಂಜಾಬದಲ್ಲಿ ಸಂಚರಿಸುವಾಗ ಈ ಆಲೋಚನೆಗೆ ಪ್ರೇರಣೆ ಕೊಟ್ಟರು. ಮೊದಲ ಮುದ್ರಣಯಂತ್ರವನ್ನು ಕಲಕತ್ತೆಯಲ್ಲಿ ಕೊಂಡುಕೊಟ್ಟವರು ಅವರೇ. ಸಂಪಾದಕನನ್ನು ಆರಿಸುವ ಹೊಣೆಯನ್ನೂ ದಯಾಲಸಿಂಗರು ಅವರಿಗೇ ವಹಿಸಿದರು. ಢಾಕೆಯ ಶೀತಲಾಕಾಂತ ಚಟರ್ಜಿಯವರು ಹಾಗೆ ಬಂದ ಮೊದಲನೆಯ ಸಂಪಾದಕರು. ಹಣ ಹಾಕುವವನು ತಾನು, ಸಂಪಾದಕನನ್ನು ಆರಿಸುವವನು ಇನ್ನೊಬ್ಬ! ತನ್ನ ಬಂಧುವನ್ನೋ ಗುಮಾಸ್ತನನ್ನೋ ಆ ಪೀಠದಲ್ಲಿ ಕೂರಿಸಿ, ತನ್ನ ಹೊಗಳಿಕೆಯನ್ನು ದಿನವೂ ಅಚ್ಚು ಹಾಕಿಸುವ ಅಧಿಕಾರವು ಪತ್ರಿಕಾಧಿಪತಿಗೆ ಇದ್ದೇ ಇದೆ. ಅಂಥ ಪತ್ರಿಕೆಗಳು ಯಾವ ಕಾಲದಲ್ಲಿಯೂ ಕಡಿಮೆಯಿಲ್ಲ. ಆ ಅಧಿಕಾರವನ್ನು ಕೈಯಾರೆ ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಧನವನ್ನು ಬಿಡುವುದಕ್ಕಿಂತ ಧನದಿಂದ ಬರುವ ಪ್ರಭುತ್ವವನ್ನು ಬಿಡುವುದು ಕಠಿಣ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವು ಇಲ್ಲಿಯೇ. ದಾನಿಯು ಕೊಟ್ಟ ಮೇಲೂ ಮೇಲಿರುತ್ತಾನೆ. ದಾಸೋಹಿಯು ಕೊಟ್ಟು ಕೆಳಗೆ ನಿಲ್ಲುತ್ತಾನೆ.

ವಿಶ್ವವಿದ್ಯಾಲಯದ ವಿಷಯವು ಇದಕ್ಕಿಂತ ಜಟಿಲವಾದುದು; ಕನ್ನಡದ ಸದ್ಭಕ್ತರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ. ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ 1857ರಲ್ಲಿಯೇ ವಿಶ್ವವಿದ್ಯಾಲಯಗಳು ಆಗಿದ್ದವು. ಪಂಜಾಬಕ್ಕೆ ಅದು ಬಂದುದು 1882ರ ಅಕ್ಟೋಬರದಲ್ಲಿ. ಅದಕ್ಕಾಗಿ ಬಹುಕಾಲ ಶ್ರಮಿಸಿದವರಲ್ಲಿ ಲಾಹೋರಿನ ಸರಕಾರಿ ಕಾಲೇಜಿನ ಮುಖ್ಯಸ್ಥರಾಗಿದ್ದ ಡಾಕ್ಟರ್ ಲೈಟ್ನರ್ ಎಂಬ ಪಂಡಿತರು ಪ್ರಮುಖರು. ಸಂಸ್ಕೃತ, ಅರಬ್ಬಿ ಮೊದಲಾದ ಪ್ರಾಚೀನ ವಿದ್ಯೆಗಳಿಗೆ ಪ್ರಾಧಾನ್ಯವಿರಬೇಕು, ಪಾಶ್ಚಾತ್ಯ ಶಾಸ್ತ್ರಗಳನ್ನೂ ಆದಷ್ಟು ದೇಶಭಾಷೆಗಳ ಮೂಲಕವೇ ಕಲಿಸಬೇಕು ಎಂಬುದು ಅವರ ಮತ. ದಯಾಲಸಿಂಗರೂ ಅವರ ಪತ್ರಿಕೆಯೂ ಇದನ್ನು ಬಲವಾಗಿ ವಿರೋಧಿಸಿದರು. ಇಂಗ್ಲಿಷಿನ ಮೂಲಕ ನಡೆಯುವ ಉಚ್ಚಶಿಕ್ಷಣವು ಪಂಜಾಬದ ಮಕ್ಕಳಿಗೆ ತಪ್ಪಬಾರದೆಂದು ವಾದಿಸಿದರು.

ಮೇಲುನೋಟಕ್ಕೆ ಶರಣರ ಒಲವು ಲೈಟ್ನರರ ಕಡೆಗೇ ಇರಬೇಕೆಂದು ತೋರುತ್ತದೆ. ದೇವಭಾಷೆಯ ಬಾಗಿಲಿನಲ್ಲಿ ಕಾಯುತ್ತಿದ್ದ ತತ್ತ್ವವನ್ನು ಒಕ್ಕಲಿಗನ, ಅಂಬಿಗನ, ಮಡಿವಾಳನ ಮಾತಿಗೆ ಇಳಿಸಿದವರಲ್ಲವೇ ಅವರು? ಹಾಗಾದರೆ ಇಂಗ್ಲಿಷಿನ ಪಕ್ಷ ಹಿಡಿದ ಸರದಾರರು ತಪ್ಪು ದಾರಿಯಲ್ಲಿ ನಡೆದರೆಂದು ತೀರ್ಮಾನಿಸಬೇಕೆ?

ಆದರೆ ಶರಣರು ಕನ್ನಡವನ್ನು ಹಿಡಿದುದು ಭಾಷೆಯ ಮೇಲಣ ಮಮತೆಯೊಂದರಿಂದಲೇ ಅಲ್ಲ. ಅರಿವಿನ ಬಾಗಿಲನ್ನು ಕೆಲವರೇ ಕಾದುಕೊಂಡು ಕುಳಿತಿದ್ದುದು ಅವರಿಗೆ ಸಹ್ಯವಾಗಲಿಲ್ಲ. ಅಂದಿನ ಕಾಲದಲ್ಲಿ ಆ ಬಾಗಿಲ ಅಗಳಿಯು ಸಂಸ್ಕೃತವಾಗಿತ್ತು. ಜನರ ನುಡಿಯಿಂದ ಅದನ್ನು ತೆರೆದರು. 1880ರ ಲಾಹೋರಿನಲ್ಲಿ ಅಗಳಿಯು ಬೇರೆಯಾಗಿತ್ತು. ನ್ಯಾಯಾಲಯ, ಆಡಳಿತ, ವೈದ್ಯ, ಯಂತ್ರಶಾಸ್ತ್ರಗಳ ಉಚ್ಚಸ್ಥಾನಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಬಂಗಾಲ ಮುಂಬಯಿಗಳ ತರುಣರಿಗೆ ಅವು ದೊರೆಯುತ್ತಿರಲು, ಪಂಜಾಬದವರಿಗೆ ಮಾತ್ರ ಪ್ರಾಚೀನವಿದ್ಯೆಯ ಗೌರವವನ್ನು ಕೊಟ್ಟು ಕೂರಿಸುವುದು ಉಪಚಾರದ ವೇಷದಲ್ಲಿ ಬಂದ ವಂಚನೆಯಾಗಬಹುದೆಂಬ ಶಂಕೆಯು ನಿರಾಧಾರವಾಗಿರಲಿಲ್ಲ. ಲೈಟ್ನರರ ವಿದ್ಯಾಪ್ರೇಮವನ್ನು ಅನುಮಾನಿಸಬೇಕಾಗಿಲ್ಲ. ಆದರೆ ಮೇಲಿನವರು ತಮ್ಮ ಮಕ್ಕಳಿಗೆ ಒಂದು ವಿದ್ಯೆಯನ್ನೂ ಕೆಳಗಿನವರ ಮಕ್ಕಳಿಗೆ ಇನ್ನೊಂದನ್ನೂ ಆರಿಸಿದಾಗ, ಆ ಎರಡನೆಯದು ಎಷ್ಟೇ ಪವಿತ್ರವಾಗಿರಲಿ, ಶರಣದೃಷ್ಟಿಯು ಅದನ್ನು ಪ್ರಶ್ನಿಸಲೇಬೇಕು.

ಅಂತೂ ಇಂಗ್ಲಿಷಿನ ಪಕ್ಷವು ಪೂರ್ಣಸತ್ಯವೂ ಅಲ್ಲ. ಅಂದು ಬಾಗಿಲು ತೆರೆದ ಕೀಲಿಯೇ ಮುಂದೆ ಹೊಸ ಅಗಳಿಯಾದುದನ್ನು ದೇಶವೆಲ್ಲ ಕಂಡಿದೆ. ಹಳ್ಳಿಯ ಹುಡುಗನು ತನ್ನ ತಾಯ್ನುಡಿಯಲ್ಲಿ ಬಲ್ಲ ಗಣಿತವನ್ನು ಇಂಗ್ಲಿಷಿನಲ್ಲಿ ಹೇಳಲಾರದೆ ದಡ್ಡನೆನಿಸಿಕೊಳ್ಳುವ ದುಃಖವು ಇನ್ನೂ ತೀರಿಲ್ಲ. ದಯಾಲಸಿಂಗರ ಪತ್ರಿಕಾಸಂಸ್ಥೆಯೇ 1978ರ ಆಗಸ್ಟ್ 15ರಿಂದ ಹಿಂದಿಯಲ್ಲಿಯೂ ಪಂಜಾಬಿಯಲ್ಲಿಯೂ ದಿನಪತ್ರಿಕೆಗಳನ್ನು ಹೊರಡಿಸಿತು. ಸ್ಥಾಪಕನು ಬಿಟ್ಟುಹೋದುದನ್ನು ಸಂಸ್ಥೆಯು ಸುಮಾರು ನೂರು ವರ್ಷಗಳ ಬಳಿಕ ತುಂಬಿಕೊಂಡಿತೆನ್ನಬೇಕು.

ಉಳಿದ ನಗರಸೇವೆಗಳನ್ನು ಸಂಕ್ಷೇಪವಾಗಿ ಹೇಳಬಹುದು. 1893ರಲ್ಲಿ ದಾದಾಭಾಯಿ ನವರೋಜಿಯವರ ಅಧ್ಯಕ್ಷತೆಯಲ್ಲಿ ಲಾಹೋರಿನಲ್ಲಿ ಕಾಂಗ್ರೆಸ್ ಅಧಿವೇಶನವು ನೆರೆದಾಗ ಸ್ವಾಗತಸಮಿತಿಯ ಅಧ್ಯಕ್ಷರಾಗಿದ್ದವರು ದಯಾಲಸಿಂಗರು. 1894ರಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕು ಸ್ಥಾಪಿತವಾದಾಗಲೂ ಮೊದಲನೆಯ ಅಧ್ಯಕ್ಷಸ್ಥಾನವು ಅವರದೇ. ಲಾಲಾ ಹರಕಿಶನಲಾಲರು ಅದರ ಕಾರ್ಯದರ್ಶಿಗಳು. ದೇಶದ ಜನರ ಉಳಿತಾಯವು ದೇಶದ ಜನರ ಕೈಯಲ್ಲಿಯೇ ದುಡಿಯಬೇಕೆಂಬುದು ಅದರ ಉದ್ದೇಶ. ಬ್ಯಾಂಕು 1895ರ ಏಪ್ರಿಲಿನಲ್ಲಿ ಅನಾರಕಲಿ ಪೇಟೆಯಲ್ಲಿ ಬಾಗಿಲು ತೆರೆಯಿತು. ಪರರ ಹಣವನ್ನು ಕಾಯುವ ಕಾಯಕವು ಭಂಡಾರಿಯ ಕಾಯಕಕ್ಕೆ ಅತ್ಯಂತ ಸಮೀಪವಾದುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಯಾಲಸಿಂಗರಿಗೆ ಮಕ್ಕಳಿರಲಿಲ್ಲ. 1895ರಲ್ಲಿ ಅವರು ಮೃತ್ಯುಪತ್ರವನ್ನು ಬರೆದರು. 1898ರ ಸೆಪ್ಟೆಂಬರ್ 9ರಂದು ಕಾಲವಶರಾದರು. ಆಗ ಅವರಿಗೆ ಐವತ್ತರ ಆಸುಪಾಸು ವಯಸ್ಸು. ಆ ಮೃತ್ಯುಪತ್ರದಂತೆ ಪತ್ರಿಕೆ ಮತ್ತು ಮುದ್ರಣಾಲಯಗಳು ಯಾವ ವ್ಯಕ್ತಿಯ ಸ್ವತ್ತೂ ಆಗದೆ ವಿಶ್ವಸ್ತರ ಮಂಡಳಿಗೆ ಸೇರಿದವು. ಬಂದ ಲಾಭವು ಪತ್ರಿಕೆಯ ಏಳಿಗೆಗೇ ಸಲ್ಲಬೇಕು. ಆಸ್ತಿಯ ದೊಡ್ಡ ಭಾಗವು ಲಾಹೋರಿನಲ್ಲಿ ಒಂದು ಕಾಲೇಜಿಗೂ ಒಂದು ಸಾರ್ವಜನಿಕ ಗ್ರಂಥಾಲಯಕ್ಕೂ ಮೀಸಲಾಯಿತು. ಕಾಲೇಜಿನ ಬೋಧೆಯು ಬ್ರಹ್ಮಸಮಾಜದ ಏಕೇಶ್ವರ ತತ್ತ್ವಕ್ಕೆ ಅನುಗುಣವಾಗಿರಬೇಕೆಂಬುದು ಅವರ ಇಚ್ಛೆ. ದೇವನೊಬ್ಬನೇ ಎನ್ನುವ, ವಿಗ್ರಹಪೂಜೆಯನ್ನೂ ಜಾತಿಭೇದವನ್ನೂ ಒಪ್ಪದ ಆ ಮತವು ಶರಣರ ಮಾತಿಗೆ ಎಷ್ಟು ಸಮೀಪವಾಗಿ ಕೇಳಿಸುತ್ತದೆ!

ಆದರೆ ಈ ಮೃತ್ಯುಪತ್ರವು ನಿರ್ವಿಘ್ನವಾಗಿ ನಡೆಯಲಿಲ್ಲ. ಅವರ ವಿಧವೆ ರಾಣಿ ಭಗವಾನ ಕೌರ್ ಅವರು ವಿಶ್ವಸ್ತರ ವಿರುದ್ಧ ನ್ಯಾಯಾಲಯವನ್ನು ಹೊಕ್ಕರು. ವ್ಯಾಜ್ಯವು ಲಂಡನ್ನಿನ ಪ್ರೀವಿ ಕೌನ್ಸಿಲಿನವರೆಗೆ ಹೋಗಿ 1903ರಲ್ಲಿ ತೀರ್ಮಾನವಾಯಿತು. ಸರದಾರರು ಬ್ರಹ್ಮಸಮಾಜಕ್ಕೆ ಒಲಿದು ಆಹಾರವಿಹಾರಗಳಲ್ಲಿ ಹಳೆಯ ಕಟ್ಟುಗಳನ್ನು ಬಿಟ್ಟಿದ್ದರಿಂದ ಅವರನ್ನು ಹಿಂದುವೆಂದು ಕರೆಯಬಹುದೇ, ಹಿಂದುಗಳಿಗೆ ಅನ್ವಯಿಸುವ ಕಾನೂನು ಅವರ ಮೃತ್ಯುಪತ್ರಕ್ಕೆ ಅನ್ವಯಿಸುವುದೇ ಎಂಬುದು ಅಲ್ಲಿ ಚರ್ಚೆಗೆ ಬಂದ ಮುಖ್ಯ ಪ್ರಶ್ನೆ. ಆಚಾರವನ್ನು ಸಡಿಲಿಸಿದ ಮಾತ್ರಕ್ಕೆ ಅವರು ಆ ವರ್ಗದಿಂದ ಹೊರಗಾಗಲಿಲ್ಲವೆಂದು ತೀರ್ಪಾಯಿತು, ಮೃತ್ಯುಪತ್ರವು ನಿಂತಿತು. ವಕೀಲರಿಗೆ ಈ ಮೊಕದ್ದಮೆಯು ಇಂದಿಗೂ ಪರಿಚಿತವಾಗಿದೆ.

ಕಾನೂನು ಏನನ್ನು ಹೇಳಿತೋ ಹೇಳಲಿ, ಗೃಹಸ್ಥಧರ್ಮವು ಇಲ್ಲಿ ಬೇರೊಂದು ಪ್ರಶ್ನೆಯನ್ನು ಕೇಳುತ್ತದೆ. ಶರಣಪಥದಲ್ಲಿ ದಾಸೋಹವು ಗಂಡನೊಬ್ಬನ ಸಂಕಲ್ಪವಲ್ಲ. ಸತಿಪತಿಗಳು ಒಂದಾಗಿ ಮಾಡಿದ ಭಕ್ತಿಗೇ ಅಲ್ಲಿ ಬೆಲೆ. ಮಾರಯ್ಯನು ತಂದ ಅಕ್ಕಿಯನ್ನು ಹಿಂದಕ್ಕೆ ಕಳುಹಿಸುವ ಅಧಿಕಾರವು ಲಕ್ಕಮ್ಮನಿಗಿತ್ತು. ಕಾಶ್ಮೀರದ ಅರಸನು ಹೊರಟಾಗ ರಾಣಿಯು ಅರಮನೆಯಲ್ಲಿ ಉಳಿಯಲಿಲ್ಲ. ಅವಳೂ ಮೋಳಿಗೆಯ ಮಹಾದೇವಿಯಾದಳು, ಗಂಡನ ಸಂಶಯವನ್ನು ತಿದ್ದುವ ಜ್ಞಾನಿಯಾದಳು. ಸಾರ್ವಜನಿಕ ಕಾರ್ಯಕ್ಕಾಗಿ ಎಲ್ಲವನ್ನೂ ಕೊಟ್ಟ ಮಹನೀಯನ ಹೆಂಡತಿಯು ಆ ಕೊಡುಗೆಯ ವಿರುದ್ಧವೇ ನ್ಯಾಯಾಲಯದಲ್ಲಿ ನಿಲ್ಲಬೇಕಾಗಿ ಬಂದುದು ಕೇವಲ ಅವಳ ದುರಾಸೆಯಿಂದೆಂದು ಸುಲಭವಾಗಿ ತೀರ್ಮಾನಿಸಬಾರದು. ಬಹುಶಃ ಆ ಸಂಕಲ್ಪದಲ್ಲಿ ಅವಳಿಗೆ ಪಾಲಿರಲಿಲ್ಲ. ದೊಡ್ಡ ಮನೆತನಗಳಲ್ಲಿ ಪರದೆಯ ಹಿಂದಿದ್ದ ಹೆಣ್ಣಿಗೆ ಗಂಡನ ಪತ್ರಿಕೆಯೂ ಕಾಲೇಜಿನ ಕನಸೂ ತನ್ನದೆನಿಸುವಂತೆ ಮಾಡುವವರು ಆಗ ಯಾರಿದ್ದರು? ಇಂದಿನ ಅನೇಕ ಧರ್ಮದತ್ತಿಗಳಲ್ಲಿಯೂ ಈ ಕೊರತೆಯುಂಟು. ಊರಿಗೆ ಉಪಕಾರಿಯಾದವನು ಮನೆಯವರನ್ನು ಕೇಳಿಯೇ ಇರುವುದಿಲ್ಲ. ತೇರಿಗೆ ಹಗ್ಗ ಕೊಟ್ಟವನ ಮನೆಯಲ್ಲಿ ಬಾವಿಗೆ ಹಗ್ಗವಿಲ್ಲದಿದ್ದರೆ ಆ ಭಕ್ತಿಯನ್ನು ಪೂರ್ಣವೆನ್ನಲಾಗದು.

ಇನ್ನೊಂದು ಆಕ್ಷೇಪಣೆಯೂ ಉಂಟು. ಮರಣಾನಂತರದ ದಾನದಲ್ಲಿ ಹೆಚ್ಚೇನಿದೆ, ಹೊತ್ತುಕೊಂಡು ಹೋಗಲಾರದುದನ್ನು ಬಿಟ್ಟುಹೋದರೆ ಅದು ತ್ಯಾಗವೇ ಎಂದು ಕೇಳುವವರಿದ್ದಾರೆ. ಪತ್ರಿಕೆಯ ಮಟ್ಟಿಗೆ ಈ ಆಕ್ಷೇಪಣೆಯು ನಿಲ್ಲುವುದಿಲ್ಲ. ಹದಿನೇಳು ವರ್ಷ ತಾವೇ ಪೋಷಿಸಿ ಬೆಳೆಸಿದುದನ್ನು ಅವರು ಒಪ್ಪಿಸಿಹೋದರು. ಕಾಲೇಜಿನ ಮಟ್ಟಿಗೆ ಮಾತ್ರ ಅದರಲ್ಲಿ ಹುರುಳಿದೆ. ಕಾಲೇಜು ಆರಂಭವಾದುದು 1910ರಲ್ಲಿ, ಸ್ಥಾಪಕರು ತೀರಿದ ಹನ್ನೆರಡು ವರ್ಷಗಳ ಮೇಲೆ. ಬದುಕಿರುವಾಗಲೇ ಒಂದು ಸಣ್ಣ ಪಾಠಶಾಲೆಯಾಗಿ ಅದನ್ನು ತೆರೆದಿದ್ದರೆ ಆ ಹನ್ನೆರಡು ವರ್ಷಗಳ ಮಕ್ಕಳಿಗೆ ಅದು ದೊರೆಯುತ್ತಿತ್ತು. ಅವರ ಕಣ್ಣಿಗೂ ಆ ಮಕ್ಕಳು ಕಾಣುತ್ತಿದ್ದರು. ನಾಳೆ ಮಾಡುವ ಭಕ್ತಿಯನ್ನು ಶರಣರು ಲೆಕ್ಕಕ್ಕೆ ಹಿಡಿಯಲಿಲ್ಲ.

ಈ ಸಂದರ್ಭದಲ್ಲಿ ಶಿರಸಂಗಿಯ ಲಿಂಗರಾಜ ದೇಸಾಯಿಯವರ ನೆನಪಾಗುವುದು ಸಹಜ. 1904ರಲ್ಲಿ ಧಾರವಾಡದಲ್ಲಿ ನೆರೆದ ಮೊದಲನೆಯ ವೀರಶೈವ ಮಹಾಸಭೆಗೆ ಅವರು ಅಧ್ಯಕ್ಷರು. 1906ರಲ್ಲಿ ಲಿಂಗೈಕ್ಯರಾಗುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನು ಹೊತ್ತಿದೆ. ಲಾಹೋರಿನ ಸರದಾರರು ಜಾತಿಮತವೆನ್ನದೆ ಕೊಟ್ಟರು, ಶಿರಸಂಗಿಯ ದೇಸಾಯರು ಸ್ವಸಮಾಜಕ್ಕೆ ಕೊಟ್ಟರು ಎಂದು ತೂಗಿ ಒಬ್ಬರನ್ನು ಕೆಳಗಿಡುವುದು ನ್ಯಾಯವಲ್ಲ. ಹಸಿದ ಮಗುವಿಗೆ ಮೊದಲು ಬಡಿಸಿದ ತಾಯಿಯನ್ನು ಪಕ್ಷಪಾತಿಯೆನ್ನುವುದಿಲ್ಲ. ಆದರೆ ಆ ಮಗುವು ಉಂಡು ಬೆಳೆದ ಮೇಲೂ ಬೇರೆಯವರ ಎಲೆಯನ್ನು ನೋಡದಿದ್ದರೆ ಅದು ಬೇರೆ ಮಾತು. ಸಮಾಜದ ವಿದ್ಯಾಸಂಸ್ಥೆಗಳು ಇಂದು ಎಲ್ಲ ಮತದ ವಿದ್ಯಾರ್ಥಿಗಳಿಗೂ ತೆರೆದಿರುವುದು ಸಂತೋಷದ ಸಂಗತಿ. ಅವುಗಳ ಪ್ರಸಾದನಿಲಯಗಳ ಬಾಗಿಲೂ ಅಷ್ಟೇ ಅಗಲವಾಗಿ ಎಲ್ಲೆಲ್ಲಿಯೂ ತೆರೆದಿವೆಯೇ ಎಂಬುದನ್ನು ಅವುಗಳ ಆಡಳಿತಮಂಡಲಿಯವರು ತಾವೇ ನೋಡಿಕೊಳ್ಳಬೇಕು.

ಧನವುಳ್ಳವನ ವಿಚಾರವು ಇದಾಯಿತು. ಧನವಿಲ್ಲದವನೂ ಪತ್ರಿಕೆಯ ಒಡೆಯನಾಗಬಹುದೆಂಬುದಕ್ಕೆ ವಿಜಾಪುರದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರೇ ಸಾಕ್ಷಿ. ಅವರು ವಕೀಲಿಯಲ್ಲಿ ಹಣ ಗಳಿಸಬಹುದಾಗಿದ್ದವರು. 1910ರಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಕಟ್ಟಿದರು, 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನು ಕಟ್ಟಿದರು. ಊರೂರು ತಿರುಗಿ ತಾಡವೋಲೆಗಳನ್ನು ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಹೊರಬಂದಿತು. 1925ರಲ್ಲಿ ತಮ್ಮ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಹಾಕಿದ ಸಂಗತಿಯು ನಾಡಿಗೇ ಗೊತ್ತು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯೂ 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯೂ ಆ ಮುದ್ರಣಾಲಯದಿಂದ ಹೊರಟವು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರೇಟು ಕೊಟ್ಟಿತು. 1964ರಲ್ಲಿ ಅವರು ಲಿಂಗೈಕ್ಯರಾದರು. ಅವರು ಕಟ್ಟಿದ ವಿದ್ಯಾಸಂಸ್ಥೆಯ ಆಶ್ರಯದಲ್ಲಿ ವಿಜಾಪುರದಲ್ಲಿ ಒಂದು ವಿಶ್ವವಿದ್ಯಾಲಯವೇ 2008ರಲ್ಲಿ ಮೈದಾಳಿತು. ಮುದ್ರಣಾಲಯದ ಒಡೆಯರೂ ಅವರೇ, ಆಳೂ ಅವರೇ. ಮೋಳಿಗೆಯ ಮಾರಯ್ಯನ ಕಟ್ಟಿಗೆಯ ಹೊರೆಗೂ ಅವರ ಹಸ್ತಪ್ರತಿಗಳ ಗಂಟಿಗೂ ಭೇದವೆಲ್ಲಿದೆ?

ಆದರೂ ಲಾಹೋರಿನ ಸರದಾರರ ಒಂದು ಕಾರ್ಯದಲ್ಲಿ ಹಳಕಟ್ಟಿಯವರ ತ್ಯಾಗಕ್ಕೂ ದೊರೆಯದ ಒಂದು ಫಲವುಂಟಾಯಿತು. ಬಡ ಒಡೆಯನ ಪತ್ರಿಕೆಯು ಅವನ ತನುವಿನೊಡನೆ ಸವೆಯುತ್ತದೆ. ‘ಟ್ರಿಬ್ಯೂನ್’ ಒಡೆಯನನ್ನು ಕಳೆದುಕೊಂಡ ಮೇಲೆಯೇ ಬಲಗೊಂಡಿತು. 1906ರಲ್ಲಿ ಅದು ದಿನಪತ್ರಿಕೆಯಾಯಿತು. 1919ರಲ್ಲಿ ಪಂಜಾಬದಲ್ಲಿ ಸೈನಿಕ ಕಾನೂನು ಜಾರಿಯಾಗಿ ಜಲಿಯನವಾಲಾ ಬಾಗಿನ ಹತ್ಯಾಕಾಂಡವು ನಡೆದಾಗ, ಸಂಪಾದಕ ಕಾಲೀನಾಥ ರಾಯರು ತಮ್ಮ ಬರಹಗಳಿಗಾಗಿ ಸೆರೆಮನೆಗೆ ಹೋದರು. ಗಾಂಧೀಜಿಯವರು ‘ಯಂಗ್ ಇಂಡಿಯಾ’ದಲ್ಲಿ ಅವರ ಪರವಾಗಿ ಬರೆದರು, ಶಿಕ್ಷೆಯು ಮುಂದೆ ಕಡಿಮೆಯಾಯಿತು. ಒಡೆಯನೊಬ್ಬನು ಬದುಕಿದ್ದರೆ ಅವನ ಜಹಗೀರಿಗೆ ಸರಕಾರವು ಕೈಹಾಕಬಹುದಾಗಿತ್ತು. ಮನೆಮಾರುಗಳ ಭಯದಿಂದ ಅವನ ನಾಲಗೆಯು ತಡವರಿಸಬಹುದಾಗಿತ್ತು. ಒಡೆಯನೇ ಇಲ್ಲದ ಪತ್ರಿಕೆಯನ್ನು ಹೆದರಿಸುವುದು ಅಷ್ಟು ಸುಲಭವಲ್ಲ. ತನ್ನದೆಂಬುದನ್ನು ಅಳಿಸಿಕೊಂಡ ವಸ್ತುವಿಗೆ ಒಂದು ನಿರ್ಭಯತೆಯು ಬರುತ್ತದೆ. ಅರ್ಪಿತವೆಂಬ ಶಬ್ದದ ಲೌಕಿಕಾರ್ಥವನ್ನು ಇಲ್ಲಿ ಕಾಣಬಹುದು.

ಹೆಸರಿನ ವಿಚಾರವೊಂದು ಉಳಿಯಿತು. ಕೊಟ್ಟವನ ಹೆಸರನ್ನು ಕಟ್ಟಡದ ಮೇಲೆ ಕೆತ್ತುವುದು ಅಹಂಕಾರದ ಉಳಿಕೆಯೆಂದು ಟೀಕಿಸುವವರಿದ್ದಾರೆ. ಟೀಕೆಯು ಬಹುಪಾಲು ಸರಿಯೇ. ಆದರೆ ಕೊಟ್ಟವನು ಹೆಸರನ್ನು ಬಯಸುವುದು ಬೇರೆ, ಕೊಂಡವರು ಅದನ್ನು ಮರೆಯುವುದು ಬೇರೆ. ದೇಶವಿಭಜನೆಯ ಬಳಿಕ ಕರ್ನಾಲಿನಲ್ಲಿಯೂ ದೆಹಲಿಯಲ್ಲಿಯೂ ದಯಾಲಸಿಂಗ ಕಾಲೇಜುಗಳು ಎದ್ದವು. ದೆಹಲಿಯ ಸಾಯಂಕಾಲದ ಕಾಲೇಜಿಗೆ ಬೇರೊಂದು ಹೆಸರನ್ನಿಡುವ ಪ್ರಯತ್ನವು 2017ರಲ್ಲಿ ನಡೆದು, ವಿರೋಧವುಂಟಾಗಿ ತಡೆಯಲ್ಪಟ್ಟಿತು. ಲಾಹೋರಿನವರಿಗೆ ಈ ಹೆಸರನ್ನು ಬದಲಿಸಲು ಹೆಚ್ಚಿನ ಕಾರಣಗಳಿದ್ದವು, ಅವರು ಬದಲಿಸಲಿಲ್ಲ.

1947ರ ಆಗಸ್ಟಿನಲ್ಲಿ ಲಾಹೋರು ಹತ್ತಿ ಉರಿಯುತ್ತಿರಲು ‘ಟ್ರಿಬ್ಯೂನ್’ ಕಚೇರಿಯನ್ನೂ ಯಂತ್ರಗಳನ್ನೂ ಅಲ್ಲಿಯೇ ಬಿಟ್ಟು ಸಿಬ್ಬಂದಿಯು ಪಾರಾಗಬೇಕಾಯಿತು. ಪತ್ರಿಕೆಯು ಕೆಲವು ವಾರ ನಿಂತು, ಸೆಪ್ಟೆಂಬರಿನಲ್ಲಿ ಸಿಮ್ಲೆಯಿಂದ ಮತ್ತೆ ಹೊರಟಿತು. 1948ರಲ್ಲಿ ಅಂಬಾಲೆಗೂ 1969ರಲ್ಲಿ ಚಂಡೀಗಢಕ್ಕೂ ಹೋಯಿತು. ಕಟ್ಟಡವನ್ನೂ ಯಂತ್ರವನ್ನೂ ಕಳೆದುಕೊಂಡರೂ ವಿಶ್ವಸ್ತಮಂಡಳಿಯ ಕೈಯಲ್ಲಿ ಅದು ಬದುಕಿ ಉಳಿಯಿತು. ಇತ್ತ ಲಾಹೋರಿನ ನಿಸ್ಬೆಟ್ ರಸ್ತೆಯಲ್ಲಿ ಅವರ ಕಾಲೇಜೂ ಗ್ರಂಥಾಲಯವೂ ದಯಾಲಸಿಂಗರ ಹೆಸರಿನಲ್ಲಿಯೇ ನಿಂತಿವೆ. ಅವರ ಧರ್ಮದವರೂ ದೇಶದವರೂ ಅಲ್ಲದ ಹುಡುಗರು ಅಲ್ಲಿ ಓದುತ್ತಾರೆ.